ಗೇಮ್ ಆಡುವಾಗ ಕಂಪ್ಯೂಟರ್ ಪಟ್ ಅಂತ ಆಫ್ ಆಗ್ತಿದೆಯಾ? ಫಾರ್ಮ್ಯಾಟ್ ಮಾಡಿಸುವ ಮೊದಲು ಇದನ್ನು ಓದಿ

ರಾಯಚೂರಿನಲ್ಲಿ ಬಿಸಿಲು ಏರತೊಡಗಿದರೆ ಸಾಕು, ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಸಿನಿಮಾ ನೋಡಿದರೆ ಏನೂ ಆಗಲ್ಲ, ಟೈಪಿಂಗ್ ಮಾಡಿದರೆ ಏನೂ ಆಗಲ್ಲ. ಗೇಮ್ ಹಾಕಿದ ಹತ್ತು ನಿಮಿಷಕ್ಕೆ ಆಫ್. ವಿಂಡೋಸ್ ಫಾರ್ಮ್ಯಾಟ್ ಮಾಡಿಸಲಾ? ಗ್ರಾಫಿಕ್ಸ್ ಕಾರ್ಡ್ ಹೋಯ್ತಾ?"

ಎರಡೂ ಬೇಡ, ಸ್ವಲ್ಪ ತಡೆಯಿರಿ. ಸುಮ್ಮನಿರುವ ಡೆಸ್ಕ್‌ಟಾಪ್ 50–80 ವ್ಯಾಟ್ ಕರೆಂಟ್ ಎಳೆಯುತ್ತದೆ. ಗೇಮ್ ಹಾಕಿದ ಕೂಡಲೇ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಒಟ್ಟಿಗೆ ದುಡಿಯಲು ಶುರು ಮಾಡುತ್ತವೆ. ಆಗ ಅದೇ ಯಂತ್ರ 300 ವ್ಯಾಟ್ ದಾಟುವುದು ಮಾಮೂಲು. ಕರೆಂಟ್ ಜಾಸ್ತಿ ಬೇಕು, ಬಿಸಿಯೂ ಜಾಸ್ತಿ. ಈ ಎರಡರಲ್ಲಿ ಒಂದು ಮಿತಿ ಮೀರಿದರೆ ಯಾವುದೋ ಒಂದು ಭಾಗ ತನ್ನನ್ನು ಉಳಿಸಿಕೊಳ್ಳಲು ಇಡೀ ಯಂತ್ರವನ್ನೇ ಆಫ್ ಮಾಡುತ್ತದೆ. ಯಾವ ಭಾಗ ಎಂದು ಪತ್ತೆ ಹಚ್ಚುವುದೇ ನಮ್ಮ ಕೆಲಸ. ಹೆಚ್ಚಿನ ಸಲ ಇದಕ್ಕೆ ಮೊದಲ ದಿನವೇ ದುಡ್ಡು ಖರ್ಚು ಮಾಡಬೇಕಿಲ್ಲ.

ಒಂದೇ ಒಂದು ನಿಯಮ ಹೇಳುತ್ತೇನೆ, ಇದನ್ನು ಮುರಿಯಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಬರೆದಿಡಿ, ಗೇಮ್ ಆಡಿ ನೋಡಿ, ಆಮೇಲೆ ಮುಂದಿನದು. ನಾಲ್ಕು ಕೆಲಸ ಒಟ್ಟಿಗೆ ಮಾಡಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮೂರು ತಿಂಗಳಿಗೆ ಮತ್ತೆ ಬಂದರೆ ಮತ್ತೆ ಮೊದಲಿಂದ ಹುಡುಕಬೇಕು.

ಬೇಕಾಗುವ ಸಾಮಾನು

ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚ್, ಬಣ್ಣ ಹಚ್ಚುವ ಮೆತ್ತನೆಯ ಹೊಸ ಬ್ರಷ್, ಧೂಳು ಊದುವ ಬ್ಲೋವರ್, ಒಂದು ನೋಟ್‌ಬುಕ್. ಅಗತ್ಯ ಬಿದ್ದರೆ ಒಂದು ಸಣ್ಣ ಟ್ಯೂಬ್ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸಿಯನ್ನು ಮೇಲಿನ ಕೂಲರ್‌ಗೆ ದಾಟಿಸುವ ಲೇಪ) ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿ ಅಂಗಡಿಯಲ್ಲಿ "ಐಪಿಎ" ಅಂತ ಕೇಳಿ, ಕೊಡುತ್ತಾರೆ. ಬ್ಲೋವರ್ ಅಕ್ಕಪಕ್ಕದವರಿಂದ ಒಂದು ದಿನಕ್ಕೆ ತಂದರೂ ನಡೆಯುತ್ತದೆ.

ಹಂತ 1: ಹೇಗೆ ಆಫ್ ಆಗುತ್ತದೆ, ಕಣ್ಣಿಟ್ಟು ನೋಡಿ

"ಆಫ್ ಆಗುತ್ತೆ" ಅನ್ನುವ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳು ಅಡಗಿವೆ.

ಮಾನಿಟರ್, ಕ್ಯಾಬಿನೆಟ್‌ನ ಫ್ಯಾನ್, ಲೈಟ್ ಎಲ್ಲವೂ ಒಂದೇ ಕ್ಷಣಕ್ಕೆ ಸತ್ತರೆ ಯುಪಿಎಸ್ ಅಥವಾ ಮನೆಯ ಕರೆಂಟ್ ಕಡೆ ನೋಡಬೇಕು. ಮಾನಿಟರ್‌ನ ಸಣ್ಣ ಲೈಟ್ ಉರಿಯುತ್ತಲೇ ಇದ್ದು ಕ್ಯಾಬಿನೆಟ್ ಮಾತ್ರ ಆಫ್ ಆದರೆ ತೊಂದರೆ ಕ್ಯಾಬಿನೆಟ್ ಒಳಗಿದೆ. ಕಾರಣ ಬಿಸಿ ಇರಬಹುದು, ಎಸ್‌ಎಂಪಿಎಸ್ ಇರಬಹುದು. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ 12 ವೋಲ್ಟ್, 5 ವೋಲ್ಟ್ ಮಾಡಿ ಕೊಡುವ ಪೆಟ್ಟಿಗೆ. ಸ್ಕ್ರೀನ್ ಕಪ್ಪಾಗಿ ಫ್ಯಾನ್‌ಗಳು ಮಾತ್ರ ಜೋರಾಗಿ ತಿರುಗುತ್ತಿದ್ದರೆ ಗ್ರಾಫಿಕ್ಸ್ ಕಾರ್ಡ್ ಅಥವಾ ಅದಕ್ಕೆ ಹೋಗುವ ಕೇಬಲ್ ಮೇಲೆ ಅನುಮಾನ. ನೀಲಿ ಸ್ಕ್ರೀನ್ ಬಂದು ರೀಸ್ಟಾರ್ಟ್ ಆದರೆ ಡ್ರೈವರ್ ಅಥವಾ ರ್‍ಯಾಮ್ ಕಡೆ ಹೋಗಬೇಕು.

ಆಫ್ ಆದ ಮೇಲೆ ಏನಾಗುತ್ತದೆ ಅನ್ನುವುದೂ ಮುಖ್ಯ. ಕ್ಯಾಬಿನೆಟ್ ಮುಂಭಾಗದ ಪವರ್ ಬಟನ್ ಒತ್ತಿದರೆ ಜೀವವೇ ಇಲ್ಲ, ಹಿಂಬದಿಯ ಸ್ವಿಚ್ ಆಫ್ ಮಾಡಿ ಅರ್ಧ–ಒಂದು ನಿಮಿಷ ಬಿಟ್ಟು ಹಾಕಿದರೆ ಮಾತ್ರ ಏಳುತ್ತದೆ ಅಂದರೆ ಎಸ್‌ಎಂಪಿಎಸ್ ತನ್ನ ರಕ್ಷಣಾ ಬೀಗ ಹಾಕಿಕೊಂಡಿತ್ತು ಎಂದು ಅರ್ಥ. ಕೂಡಲೇ ಆನ್ ಆಗಿ, ಎರಡು ನಿಮಿಷಕ್ಕೆ ಗೇಮ್ ಇಲ್ಲದೆಯೇ ಮತ್ತೆ ಆಫ್ ಆದರೆ ಪ್ರೊಸೆಸರ್ ಬಿಸಿ ಇನ್ನೂ ಇಳಿದಿಲ್ಲ ಅನ್ನಬಹುದು.

ಗೇಮ್ ಶುರುವಾಗಿ ಎಷ್ಟು ನಿಮಿಷಕ್ಕೆ ಆಯಿತು, ಅದನ್ನೂ ಬರೆಯಿರಿ. ಬಿಸಿ ಏರಲು ಸಮಯ ಬೇಕು, ಹಾಗಾಗಿ ಅದು ಹತ್ತು–ಇಪ್ಪತ್ತು ನಿಮಿಷದ ಆಟ. ಕರೆಂಟ್ ಸಾಲದೆ ಹೋದರೆ ಮೊದಲ ದೊಡ್ಡ ಫೈಟ್‌ನಲ್ಲೇ, ಕೆಲವೊಮ್ಮೆ ಗೇಮ್ ಲೋಡ್ ಆಗುವಾಗಲೇ ಬೀಳುತ್ತದೆ.

ಹಂತ 2: ಯುಪಿಎಸ್ ತೆಗೆದು ನೇರ ಗೋಡೆಗೆ ಹಾಕಿ

ನಮ್ಮ ಕಡೆ ಇದನ್ನೇ ಮೊದಲು ನೋಡಬೇಕು. ಕರೆಂಟ್ ಹೋಗಿ ಬರುವ ಊರು, ಆದ್ದರಿಂದ ಹೆಚ್ಚುಕಡಿಮೆ ಎಲ್ಲರೂ ಕಂಪ್ಯೂಟರ್ ಜೊತೆ 600 ವಿಎ ಯುಪಿಎಸ್ ತಂದಿರುತ್ತಾರೆ. 600 ಅಂದ ಕೂಡಲೇ 600 ವ್ಯಾಟ್ ಅಂದುಕೊಳ್ಳುತ್ತೇವೆ, ಅಲ್ವಾ? ಅದು ವಿಎ, ವ್ಯಾಟ್ ಅಲ್ಲ. ಇಂಥ ಬಹುತೇಕ ಯುಪಿಎಸ್‌ಗಳು ಹೊರುವುದು 360 ವ್ಯಾಟ್ ಮಾತ್ರ. ಹಿಂಬದಿಯ ಲೇಬಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಟಾರ್ಚ್ ಹಿಡಿದು ನೋಡಿ.

ಈಗ ಲೆಕ್ಕ ಹಾಕೋಣ. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ 170 ವ್ಯಾಟ್. ರೈಜನ್ 5 5600 ಪ್ರೊಸೆಸರ್ ಪೂರ್ತಿ ದುಡಿದರೆ 76 ವ್ಯಾಟ್. ಮದರ್‌ಬೋರ್ಡ್, ಡಿಸ್ಕ್, ಫ್ಯಾನ್‌ಗಳಿಗೆ ಒಂದು 50. ಹತ್ತಿರ ಹತ್ತಿರ 300 ಆಯಿತು. ಎಸ್‌ಎಂಪಿಎಸ್‌ನಲ್ಲೇ ಹತ್ತು–ಹದಿನೈದು ಶೇಕಡಾ ಬಿಸಿಯಾಗಿ ಹೋಗುತ್ತದೆ, ಅದನ್ನೂ ಗೋಡೆಯಿಂದಲೇ ಎಳೆಯಬೇಕು. ಮೇಲೆ ಮಾನಿಟರ್ 25 ವ್ಯಾಟ್. ಎಲ್ಲ ಸೇರಿ 360ರ ಅಂಚಿಗೆ ಬಂದು ನಿಂತಿತು. ಗ್ರಾಫಿಕ್ಸ್ ಕಾರ್ಡ್‌ಗಳು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಮ್ಮ ಮಿತಿಗಿಂತ ಜಾಸ್ತಿ ಎಳೆಯುವುದೂ ಉಂಟು. ಕರೆಂಟ್ ಇರುವಾಗ ಹೇಗೋ ನಡೆದೀತು. ಸಂಜೆ ವೋಲ್ಟೇಜ್ ಇಳಿದು ಯುಪಿಎಸ್ ಬ್ಯಾಟರಿಗೆ ಹಾರಿತೋ, ಅಲ್ಲಿಗೆ ಮುಗಿಯಿತು. ಒಂದು ಉದ್ದನೆಯ ಬೀಪ್, ಎಲ್ಲ ಕತ್ತಲೆ.

ಹಾಗಾಗಿ ಯುಪಿಎಸ್ ಬಿಟ್ಟು, ಸ್ಪೈಕ್ ಗಾರ್ಡ್ ಕೂಡ ಬಿಟ್ಟು, ಗೋಡೆಯ ಸಾಕೆಟ್‌ಗೆ ನೇರವಾಗಿ ಹಾಕಿ ಆಡಿ ನೋಡಿ. ಪ್ಲಗ್ ಸಡಿಲ ಇರಬಾರದು, ಕಪ್ಪಾದ ಸಾಕೆಟ್ ಬೇಡ. ಇದು ಪರೀಕ್ಷೆಗೆ ಮಾತ್ರ. ಗುಡುಗು ಮಿಂಚು ಇರುವ ದಿನ ಬೇಡ. ಮುಖ್ಯವಾದ ಫೈಲ್‌ಗಳನ್ನು ಮೊದಲೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ನೇರ ಹಾಕಿದಾಗ ಆಫ್ ಆಗದಿದ್ದರೆ ಕಳ್ಳ ಸಿಕ್ಕಿದ. ಬ್ಯಾಟರಿ ಮೂರು ವರ್ಷ ಹಳೆಯದಾಗಿದ್ದರೆ ಅದೇ ಸೋತಿರಬಹುದು. ಆದರೆ ಲೆಕ್ಕ 300 ದಾಟುವ ಯಂತ್ರಕ್ಕೆ ಬ್ಯಾಟರಿ ಬದಲಿಸುವುದಕ್ಕಿಂತ 1000 ವಿಎ ಅಥವಾ ಮೇಲಿನ ಯುಪಿಎಸ್ ನೋಡುವುದು ಒಳ್ಳೆಯದು.

ಮನೆಯ ಇನ್ವರ್ಟರ್ ಮೇಲೆ ಗೇಮ್ ಆಡುವವರು ಇನ್ನೊಂದು ವಿಷಯ ನೋಡಿ. ಇನ್ವರ್ಟರ್ ಹಿಂದೆ ಅಥವಾ ಮುಂದೆ "ಯುಪಿಎಸ್ ಮೋಡ್" ಎಂಬ ಸ್ವಿಚ್ ಇರುತ್ತದೆ. ಅದು ಸಾಮಾನ್ಯ ಮೋಡ್‌ನಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ತಡವಾಗುತ್ತದೆ. ಫ್ಯಾನ್‌ಗೆ, ಟ್ಯೂಬ್‌ಲೈಟ್‌ಗೆ ಅದು ಗೊತ್ತೇ ಆಗಲ್ಲ. ಪೂರ್ತಿ ಲೋಡ್‌ನಲ್ಲಿರುವ ಕಂಪ್ಯೂಟರ್ ತಡೆಯಲ್ಲ.

ಹಂತ 3: ವಿಂಡೋಸ್ ಏನು ಬರೆದಿಟ್ಟಿದೆ?

ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಎಂದು ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಆಫ್ ಆದ ಹೊತ್ತಿಗೆ "ಕರ್ನಲ್ ಪವರ್ 41" ಅಂತ ಕೆಂಪು ಗುರುತು ಕಾಣುತ್ತದೆ. ಇದನ್ನು ನೋಡಿ ಬಹಳ ಜನ ಹೆದರಿ ಫಾರ್ಮ್ಯಾಟ್ ಮಾಡಿಸುತ್ತಾರೆ. 41 ಹೇಳುವುದು ಇಷ್ಟೇ: "ಸರಿಯಾಗಿ ಶಟ್‌ಡೌನ್ ಆಗದೆ ನಿಂತೆ." ಯಾಕೆ ಅಂತ ಅದಕ್ಕೂ ಗೊತ್ತಿಲ್ಲ. ಡೀಟೇಲ್ಸ್‌ನಲ್ಲಿ ಬಗ್‌ಚೆಕ್ ಕೋಡ್ 0 ಇದ್ದರೆ ನೀಲಿ ಸ್ಕ್ರೀನ್ ದಾಖಲಾಗಿಲ್ಲ ಎಂದರ್ಥ. ಆಗ ವಿಂಡೋಸ್ ಬಿಟ್ಟು ಕರೆಂಟ್ ಮತ್ತು ಬಿಸಿಯ ಕಡೆ ಗಮನ ಕೊಡಿ. ಹತ್ತಿರದಲ್ಲೇ "ವೀಯಾ ಲಾಗರ್" (WHEA-Logger) ಹೆಸರಿನ ದಾಖಲೆಗಳಿದ್ದರೆ ಹಾರ್ಡ್‌ವೇರ್ ತಪ್ಪು ಮಾಡಿದೆ. ಓವರ್‌ಕ್ಲಾಕ್ ಮಾಡಿದ್ದರೆ, ಅಂದರೆ ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸುತ್ತಿದ್ದರೆ, ಮೊದಲು ಅದನ್ನು ತೆಗೆಯಿರಿ.

ಹಂತ 4: ಬಿಸಿ ಎಷ್ಟು? ಊಹೆ ಬೇಡ, ಅಳೆಯಿರಿ

ಎಚ್‌ಡಬ್ಲ್ಯುಇನ್ಫೋ (HWiNFO) ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದರ ಸ್ವಂತ ವೆಬ್‌ಸೈಟ್‌ನಿಂದಲೇ. ಸೆನ್ಸರ್ಸ್ ಪುಟದ ಕೆಳಗೆ ಲಾಗಿಂಗ್ ಶುರು ಮಾಡುವ ಬಟನ್ ಇದೆ. ಅದನ್ನು ಒತ್ತಿ, ಫೈಲ್‌ಗೆ ಹೆಸರು ಕೊಟ್ಟು, ಗೇಮ್ ಹಾಕಿ. ಯಂತ್ರ ಆಫ್ ಆದರೂ ಫೈಲ್ ಉಳಿದಿರುತ್ತದೆ. ಮತ್ತೆ ಆನ್ ಮಾಡಿ ಎಕ್ಸೆಲ್‌ನಲ್ಲಿ ತೆರೆದು ಕೊನೆಯ ಸಾಲುಗಳನ್ನು ನೋಡಿ. ಸಾಯುವ ಒಂದೆರಡು ಸೆಕೆಂಡ್ ಮೊದಲು ಬಿಸಿ ಎಷ್ಟಿತ್ತು ಅಂತ ಅಲ್ಲೇ ಇರುತ್ತದೆ. ನನಗೆ ಕೇಳಿದರೆ, ಈ ಇಡೀ ಲೇಖನದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಕೆಲಸ ಇದು.

ಇಂಟೆಲ್‌ನ ಈಚಿನ ಹೆಚ್ಚಿನ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ, ರೈಜನ್‌ಗಳದು 90–95ರ ಆಸುಪಾಸು. ಆ ಮಿತಿ ಮುಟ್ಟಿದಾಗ ಪ್ರೊಸೆಸರ್ ಮೊದಲು ತನ್ನ ವೇಗ ಇಳಿಸುತ್ತದೆ, ಗೇಮ್ ತಡವರಿಸುತ್ತದೆ. ಆದರೂ ಬಿಸಿ ಇಳಿಯದಿದ್ದರೆ ಆಫ್. ಹಾಗಾಗಿ ಆಫ್ ಆಗುವ ಮುಂಚೆ ಗೇಮ್ ಎಳೆದಾಡಿತ್ತಾ ಅಂತ ನೆನಪಿಸಿಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ 80–85ರ ಒಳಗಿದ್ದರೆ ಚಿಂತೆ ಬೇಡ. ಅದರ "ಹಾಟ್‌ಸ್ಪಾಟ್", ಅಂದರೆ ಚಿಪ್‌ನ ಅತಿ ಬಿಸಿಯಾದ ಜಾಗ, ಹತ್ತು–ಇಪ್ಪತ್ತು ಡಿಗ್ರಿ ಜಾಸ್ತಿ ಇರುವುದು ಸಹಜ. ಮೂವತ್ತು ದಾಟಿದರೆ ಕಾರ್ಡ್ ಒಳಗಿನ ಪೇಸ್ಟ್ ಒಣಗಿರಬಹುದು.

ಕೋಣೆಯ ಬಿಸಿಯನ್ನು ಮರೆಯಬೇಡಿ. ಕೋಣೆ ಎಷ್ಟು ಡಿಗ್ರಿ ಏರುತ್ತದೋ ಒಳಗಿನ ಭಾಗಗಳೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. ಜನವರಿ ರಾತ್ರಿ 26 ಡಿಗ್ರಿಯಲ್ಲಿ 80 ತೋರಿಸುತ್ತಿದ್ದ ಪ್ರೊಸೆಸರ್, ಮೇ ಮಧ್ಯಾಹ್ನ ಆರ್‌ಸಿಸಿ ಛಾವಣಿಯ ಕೆಳಗೆ 40 ಡಿಗ್ರಿ ಕೋಣೆಯಲ್ಲಿ 94ಕ್ಕೆ ಬಂದಿರುತ್ತದೆ. "ಚಳಿಗಾಲದಲ್ಲಿ ಚೆನ್ನಾಗಿತ್ತು" ಅನ್ನುವವರ ಯಂತ್ರ ಆಗಲೂ ಅಂಚಿನಲ್ಲೇ ಇತ್ತು.

ಕೊನೆಯ ಸಾಲಿನಲ್ಲಿ ಪ್ರೊಸೆಸರ್ 70, ಕಾರ್ಡ್ 68 ಅಂತಿದ್ದೂ ಆಫ್ ಆಗಿದ್ದರೆ ಬಹುಮಟ್ಟಿಗೆ ಬಿಸಿ ಕಾರಣವಲ್ಲ. ಹಂತ 5 ಬಿಟ್ಟು 6ಕ್ಕೆ ಹೋಗಿ.

ಹಂತ 5: ಬಿಚ್ಚಿ, ಸ್ವಚ್ಛ ಮಾಡಿ

ಪ್ಲಗ್ ಕಿತ್ತು, ಮುಂದಿನ ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಹೋಗಲಿ. ಬರಿಗೈಯಿಂದ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ.

ಪ್ರೊಸೆಸರ್ ಮೇಲಿನ ಫ್ಯಾನ್ ರೆಕ್ಕೆಗಳ ನಡುವೆ ಟಾರ್ಚ್ ಬಿಡಿ. ಮೇಲಿಂದ ನೋಡಿದರೆ ಫ್ಯಾನ್ ಸ್ವಚ್ಛವಾಗಿಯೇ ಕಾಣುತ್ತದೆ. ತೊಂದರೆ ಇರುವುದು ಫ್ಯಾನ್ ಕೆಳಗೆ, ಅಲ್ಯೂಮಿನಿಯಂ ಪಟ್ಟಿಗಳ ತಲೆಯ ಮೇಲೆ. ಹತ್ತಿ ಮಿಲ್ ಹತ್ತಿರದ ಮನೆಯ ಯಂತ್ರವೊಂದನ್ನು ಬಿಚ್ಚಿದಾಗ ಅಲ್ಲಿ ಬೂದು ಬಣ್ಣದ ಕಂಬಳಿ ತುಂಡಿನಂಥದ್ದು ಕೂತಿತ್ತು. ಚಿಮಟಿಗೆಯಿಂದ ಒಂದು ಮೂಲೆ ಹಿಡಿದು ಎತ್ತಿದರೆ ಇಡಿಯಾಗಿ, ಚೌಕಾಕಾರವಾಗಿಯೇ ಎದ್ದು ಬಂತು. ಹತ್ತಿಯ ಸಣ್ಣ ಎಳೆಗಳು ಮೊದಲು ಸಿಕ್ಕಿಕೊಳ್ಳುತ್ತವೆ, ಅದರ ಮೇಲೆ ಧೂಳು ಕೂರುತ್ತದೆ, ಆಮೇಲೆ ಗಾಳಿ ಹೋಗುವುದೇ ಇಲ್ಲ. ಆ ಯಂತ್ರವನ್ನು ಅದಕ್ಕೆ ಮೊದಲು ಎರಡು ಸಲ ಫಾರ್ಮ್ಯಾಟ್ ಮಾಡಿಸಿದ್ದರು.

ಬ್ಲೋವರ್ ಹಿಡಿಯುವಾಗ ಪ್ರತಿ ಫ್ಯಾನನ್ನೂ ಬೆರಳಿನಿಂದ ತಡೆದು ಹಿಡಿಯಿರಿ. ಗಾಳಿಯ ರಭಸಕ್ಕೆ ಫ್ಯಾನ್ ಅತಿ ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗಬಹುದು. ವ್ಯಾಕ್ಯೂಮ್ ಕ್ಲೀನರ್ ಮೂತಿಯನ್ನು ಬೋರ್ಡ್‌ಗೆ ತಾಗಿಸಬೇಡಿ, ಅದು ಸ್ಟ್ಯಾಟಿಕ್ ಕರೆಂಟ್ ಹುಟ್ಟಿಸುತ್ತದೆ. ಎಸ್‌ಎಂಪಿಎಸ್ ಧೂಳನ್ನು ಹೊರಗಿನಿಂದ ಊದಿ, ಅಷ್ಟೇ. ಆ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು. ಪ್ರಾಣಕ್ಕೇ ಅಪಾಯ.

ಧೂಳು ಇಲ್ಲದೆಯೂ ಪ್ರೊಸೆಸರ್ ಸುಡುತ್ತಿದ್ದರೆ ಅದರ ಮೇಲೆ ಕೂತ ಕೂಲರ್‌ನ (ಆ ಫ್ಯಾನ್ ಮತ್ತು ಅಲ್ಯೂಮಿನಿಯಂ ಪಟ್ಟಿಗಳ ಜೋಡಿ) ಕಾಲುಗಳನ್ನು ನೋಡಿ. ಇಂಟೆಲ್ ಜೊತೆ ಬರುವ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಿವೆ. ನಾಲ್ಕರಲ್ಲಿ ಒಂದು ಎದ್ದಿದ್ದರೂ ಕೂಲರ್ ಓರೆಯಾಗಿ ಕೂರುತ್ತದೆ, ಬಿಸಿ ಮೇಲಕ್ಕೆ ಹತ್ತುವುದಿಲ್ಲ. ಮೆಲ್ಲಗೆ ಅಲ್ಲಾಡಿಸಿ ನೋಡಿ. ಎದ್ದಿದ್ದರೆ ಕೂಲರ್ ಪೂರ್ತಿ ತೆಗೆದು, ಹಳೆ ಪೇಸ್ಟನ್ನು ಐಪಿಎ ಹಚ್ಚಿದ ಬಟ್ಟೆಯಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು, ಎದುರು ಬದುರು ಮೂಲೆಗಳ ಪಿನ್‌ಗಳನ್ನು "ಟಕ್" ಅನ್ನುವವರೆಗೆ ಒತ್ತಿ. ರೈಜನ್ ಆದರೆ ಕೂಲರ್ ತೆಗೆಯುವ ಮುಂಚೆ ಯಂತ್ರವನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಬೆಚ್ಚಗಾಗಲು ಬಿಡಿ. ಆಮೇಲೆ ಪ್ಲಗ್ ಕಿತ್ತು, ಕೂಲರನ್ನು ಅತ್ತಿತ್ತ ತಿರುವಿ ಬಿಡಿಸಿ. ನೇರ ಮೇಲಕ್ಕೆ ಎಳೆದರೆ ಹಳೆ ಮಾದರಿಗಳಲ್ಲಿ ಪ್ರೊಸೆಸರೇ ಅಂಟಿಕೊಂಡು ಕಿತ್ತು ಬರುತ್ತದೆ, ಪಿನ್‌ಗಳು ಬಾಗುತ್ತವೆ.

ಕ್ಯಾಬಿನೆಟ್ ಇಡುವ ಜಾಗವೂ ಮುಖ್ಯ. ಕಂಪ್ಯೂಟರ್ ಟೇಬಲ್‌ನ ಆ ಇಕ್ಕಟ್ಟಾದ ಗೂಡಿನಿಂದ ಹೊರಗೆ ತನ್ನಿ, ಹಿಂದೆ ಒಂದು ಗೇಣು ಜಾಗ ಬಿಡಿ. ಇನ್ನೊಂದು ಮಾತು: ಬೇಸಿಗೆಯಲ್ಲಿ ಕೋಣೆಯ ವಾಟರ್ ಕೂಲರ್ ಗಾಳಿಯನ್ನು ನೇರ ಕ್ಯಾಬಿನೆಟ್‌ಗೆ ಬಿಡಬೇಡಿ. ತಂಪಾಗುತ್ತದೆ ನಿಜ, ಆದರೆ ತೇವ ಮತ್ತು ಸಣ್ಣ ಹನಿಗಳು ಒಳಗೆ ಹೋಗಿ ಧೂಳಿನ ಜೊತೆ ಸೇರಿ ಬೋರ್ಡ್ ಮೇಲೆ ಕೆಸರಾಗುತ್ತದೆ. ಕೂಲರ್ ನಿಮ್ಮ ಕಡೆ ಇರಲಿ, ಕ್ಯಾಬಿನೆಟ್ ಬದಿಗಿರಲಿ.

ಹಂತ 6: ಎಸ್‌ಎಂಪಿಎಸ್ ಮೇಲೆ ಅನುಮಾನವಾ? ದುಡ್ಡಿಲ್ಲದೆ ಪರೀಕ್ಷಿಸಿ

ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ "ಪವರ್ ಲಿಮಿಟ್" ಎಂಬ ಪಟ್ಟಿ ಇದೆ. ಅದನ್ನು 100ರಿಂದ 70ಕ್ಕೆ ಇಳಿಸಿ. ಕಾರ್ಡ್ ಯಾವ ಕಂಪನಿಯದಾದರೂ ಸಾಮಾನ್ಯವಾಗಿ ಇದು ಕೆಲಸ ಮಾಡುತ್ತದೆ. ಗೇಮ್‌ನಲ್ಲಿ ಫ್ರೇಮ್ ಮಿತಿ 60 ಇಡಿ, ಎರಡೂ ಸೇರಿ ಭಾರ ಇಳಿಸುವ ಒಂದೇ ಬದಲಾವಣೆ ಅನ್ನಿ. ಈಗ ಅದೇ ಗೇಮ್ ಒಂದು ಗಂಟೆ ಆಡಿ. ಮುಂಚೆ ಹತ್ತು ನಿಮಿಷಕ್ಕೆ ಬೀಳುತ್ತಿದ್ದ ಯಂತ್ರ ಈಗ ಗಟ್ಟಿಯಾಗಿ ನಿಂತರೆ, ಬಿಸಿಯೂ ಮೊದಲೇ ಸರಿ ಇತ್ತು ಅಂದರೆ, ಎಸ್‌ಎಂಪಿಎಸ್‌ಗೆ ಭಾರ ಆಗುತ್ತಿದೆ. ಹೊಸದು ತರುವವರೆಗೆ ಹೀಗೆಯೇ ಆಡಿಕೊಂಡಿರಬಹುದು.

ಈಗ ಅದರ ಲೇಬಲ್ ಓದಿ. ದೊಡ್ಡ ಅಕ್ಷರದಲ್ಲಿ 450 ಅಂತಿರುತ್ತದೆ. ಅದನ್ನು ಬಿಡಿ, 12 ವೋಲ್ಟ್ ಮುಂದೆ ಎಷ್ಟು ಆಂಪ್ ಇದೆ ನೋಡಿ. 18 ಅಂತಿದ್ದರೆ 12 ಗುಣಿಸು 18, ಅಂದರೆ 216 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಈ 12 ವೋಲ್ಟ್ ತಟ್ಟೆಯಿಂದಲೇ. ನಮ್ಮ 3060 ಮತ್ತು 5600 ಜೋಡಿಗೇ 246 ಬೇಕಿತ್ತು! ಕ್ಯಾಬಿನೆಟ್ ಜೊತೆ ಉಚಿತವಾಗಿ ಬಂದ ಎಸ್‌ಎಂಪಿಎಸ್ ಮೇಲೆ ಗೇಮಿಂಗ್ ಕಾರ್ಡ್ ಹಾಕಬೇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ. 3060ಕ್ಕೆ ಎನ್‌ವಿಡಿಯಾ ಹೇಳುವುದು 550 ವ್ಯಾಟ್, ಅದೂ ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ.

ಕೇಬಲ್ ಕಡೆಯೂ ಕಣ್ಣು ಹಾಯಿಸಿ. ಕಾರ್ಡ್‌ಗೆ ಎರಡು ಪವರ್ ಸಾಕೆಟ್ ಇದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ. ಒಂದೇ ಕೇಬಲ್‌ನ ಎರಡು ತಲೆ ಬೇಡ. ಡಿಸ್ಕ್‌ನ ಕೇಬಲ್‌ನಿಂದ ಕಾರ್ಡ್‌ಗೆ ಕೊಡುವ ಅಗ್ಗದ ಕನ್ವರ್ಟರ್ ಇದ್ದರೆ ಇವತ್ತೇ ತೆಗೆದುಹಾಕಿ, ಅದು ಕರಗಿ ಬೆಂಕಿ ಹತ್ತಬಹುದು. ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಇದ್ದರೆ ಮತ್ತೆ ಆನ್ ಮಾಡಬೇಡಿ.

ಖರೀದಿಗೆ ಮುಂಚೆ ಗೆಳೆಯರ ಒಳ್ಳೆಯ ಎಸ್‌ಎಂಪಿಎಸ್ ಒಂದು ಸಂಜೆಗೆ ತಂದು ಹಾಕಿ ನೋಡುವುದು ಎಲ್ಲಕ್ಕಿಂತ ಉತ್ತಮ ಪರೀಕ್ಷೆ. ಎಚ್ಚರ: ಕಳಚಬಹುದಾದ ಕೇಬಲ್‌ಗಳ ಮಾದರಿಯಾದರೆ ಅದರದೇ ಕೇಬಲ್‌ಗಳನ್ನು ಬಳಸಿ. ಒಂದು ಕಂಪನಿಯ ಕೇಬಲ್ ಇನ್ನೊಂದಕ್ಕೆ ಕೂರುತ್ತದೆ, ಆದರೆ ತಂತಿಯ ಕ್ರಮ ಬೇರೆ ಇರುತ್ತದೆ. ಆನ್ ಮಾಡಿದ ಕ್ಷಣಕ್ಕೆ ಹಾರ್ಡ್‌ಡಿಸ್ಕ್, ಬೋರ್ಡ್ ಎಲ್ಲ ಹೋಗುತ್ತದೆ.

ಹಂತ 7: ಉಳಿದ ಸಣ್ಣಪುಟ್ಟವು

ನೀಲಿ ಸ್ಕ್ರೀನ್ ಬರುವವರು ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ ಆಫ್ ಮಾಡಿ ನೋಡಿ. ಅದು ರ್‍ಯಾಮ್‌ನ ವೇಗ ಹೆಚ್ಚಿಸುವ ಸೆಟ್ಟಿಂಗ್. ಆಮೇಲೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ಓಡಿಸಿ. ಒಂದೇ ಒಂದು ಎರರ್ ಬಂದರೂ ರ್‍ಯಾಮ್ ಕಡ್ಡಿಗಳನ್ನು ಒಂದೊಂದಾಗಿ ಪರೀಕ್ಷಿಸಿ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದ ಮೇಲೆ ಶುರುವಾಗಿದ್ದರೆ ಹಳೆಯದಕ್ಕೆ ಹಿಂತಿರುಗಿ.

ಹಂತ 8: ಮನೆಯ ಅರ್ತಿಂಗ್

ಕ್ಯಾಬಿನೆಟ್ ಸ್ಕ್ರೂ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದಾ? ಹಾಗಿದ್ದರೆ ಗೇಮ್ ಮಾತು ಆಮೇಲೆ, ಮೊದಲು ಎಲೆಕ್ಟ್ರಿಶಿಯನ್ ಕರೆಸಿ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎಷ್ಟು ವೋಲ್ಟ್ ಇದೆ ಅಳೆಯಲು ಹೇಳಿ. ಎರಡು ಮೂರು ವೋಲ್ಟ್ ಒಳಗಿದ್ದರೆ ಸರಿ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಅರ್ತಿಂಗ್ ಗುಂಡಿಯ ಹಿಡಿತವೂ ಹೋಗುತ್ತದೆ. ಗುಂಡಿ ಎಲ್ಲಿದೆ ತಿಳಿದುಕೊಂಡು ಬೇಸಿಗೆ ಪೂರ್ತಿ ಆಗಾಗ ಒಂದು ಕೊಡ ನೀರು ಹಾಕಿ. ಅದೇ ಲೈನ್‌ನಲ್ಲಿ ನೀರೆತ್ತುವ ಮೋಟರ್ ಅಥವಾ ಎಸಿ ಇದ್ದರೆ, ಅದು ಶುರುವಾದ ಕ್ಷಣಕ್ಕೇ ಕಂಪ್ಯೂಟರ್ ಬೀಳುತ್ತಾ ಅಂತಲೂ ಗಮನಿಸಿ. ಹೌದಾದರೆ ಕಂಪ್ಯೂಟರ್‌ಗೆ ಬೇರೆ ಲೈನ್ ಎಳೆಸಬೇಕು.

ಅಂಗಡಿಗೆ ಒಯ್ಯಲೇಬೇಕಾದರೆ

ಇಷ್ಟಾದರೂ ಸಿಗದಿದ್ದರೆ ಗ್ರಾಫಿಕ್ಸ್ ಕಾರ್ಡ್ ಅಥವಾ ಮದರ್‌ಬೋರ್ಡ್ ಇರಬಹುದು, ಅದನ್ನು ಬೇರೆ ಬಿಡಿಭಾಗ ಹಾಕಿಯೇ ನೋಡಬೇಕು. ನೋಟ್‌ಬುಕ್ ಮತ್ತು ಆ ಲಾಗ್ ಫೈಲ್ ಜೊತೆಗೆ ಒಯ್ಯಿರಿ. "ಆನ್ ಆಗುತ್ತಾ" ಅಂತ ಮಾತ್ರ ನೋಡಿ ವಾಪಸ್ ಕೊಟ್ಟರೆ ಪ್ರಯೋಜನವಿಲ್ಲ, ಗೇಮ್ ಹಾಕಿ ಅರ್ಧ ಗಂಟೆ ಓಡಿಸಿ ನೋಡಲು ಕೇಳಿ. ಫಾರ್ಮ್ಯಾಟ್ ಬೇಡ ಅಂತ ಮೊದಲೇ ಹೇಳಿ. ಒಳಗಿನ ಭಾಗಗಳ ಸೀರಿಯಲ್ ನಂಬರ್‌ಗಳ ಫೋಟೊ ತೆಗೆದಿಟ್ಟುಕೊಳ್ಳಿ. ವಾರಂಟಿ ಇದ್ದರೆ ಬಿಲ್ ಹುಡುಕಿಡಿ, ಸ್ಟಿಕರ್ ಕೀಳಬೇಡಿ.

ಸರಿಯಾಯಿತು ಅನ್ನಿಸಿದ ಮೇಲೆ ಬದಿಯ ಬಾಗಿಲು ಮುಚ್ಚಿ, ಪವರ್ ಲಿಮಿಟ್ ಮತ್ತೆ 100ಕ್ಕೆ ತಂದು, ಮಧ್ಯಾಹ್ನ ಮೂರಕ್ಕೆ ಒಂದು ಗಂಟೆ, ಸಂಜೆ ಎಂಟಕ್ಕೆ ಒಂದು ಗಂಟೆ ಆಡಿ. ಮಧ್ಯಾಹ್ನ ಕೋಣೆ ಅತಿ ಬಿಸಿ ಇರುತ್ತದೆ, ಸಂಜೆ ವೋಲ್ಟೇಜ್ ಇಳಿದಿರುತ್ತದೆ. ಎಚ್‌ಡಬ್ಲ್ಯುಇನ್ಫೋ ಲಾಗಿಂಗ್ ಎರಡೂ ಸಲ ಓಡುತ್ತಿರಲಿ.